ಅಪ್ಪನ ಪಾಠ, ಅಮ್ಮನ ಅಡ್ಡಮಾತು

ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರಾಗಿದ್ದವರು. ರಿಟೈರ್ ಆಗಿ ಎಷ್ಟೋ ಕಾಲವಾದರೂ ಪಾಠ ಮಾತ್ರ ನಿಂತಿಲ್ಲ. ಕಲ್ಲು ಕಂಡರೆ ಶಾಸನ, ದಿಬ್ಬ ಕಂಡರೆ ಕೋಟೆ. ಅಮ್ಮ ಇರುವಾಗ ಇದಕ್ಕೊಂದು ಅಂಕೆ ಇತ್ತು. ಅಪ್ಪ ಇಸವಿ ಹೇಳಿ, ದೊರೆಯ ಹೆಸರಿಗೆ ಬರುವಷ್ಟರಲ್ಲಿ ಅಮ್ಮ ಬಾಯಿ ಹಾಕುತ್ತಿದ್ದಳು. "ದೊರೆ ಇರಲಿ, ನೀರಿನ ಬಾಟಲಿ ಎಲ್ಲುಂಟು?" ಅಲ್ಲಿಗೆ ಆ ದಿನದ ಪಾಠ ಮುಕ್ತಾಯ.

ಅಮ್ಮನ ವರ್ಷಾಂತಿಕ ಮುಗಿದ ಮೇಲೆ ಅವಳ ತವರು ಕಟಪಾಡಿಯಿಂದ ಮಾವ ಫೋನ್ ಮಾಡಿದರು. "ಅಕ್ಕ ಇಲ್ಲ ಅಂತ ಬರುವುದನ್ನೇ ಬಿಡುವುದಾ ಭಾವ? ಮನೆ ಉಂಟಲ್ಲ ಮಾರಾಯ್ರೆ." ಡಿಸೆಂಬರ್ ತಿಂಗಳು. ಅಕ್ಕನಿಗೆ ರಜೆ ಸಿಕ್ಕಿತು, ನಾನು ಹೇಗೋ ಹೊಂದಿಸಿಕೊಂಡೆ. ಅಪ್ಪ ಬರುವುದಿಲ್ಲ ಎಂದರು, ಆಮೇಲೆ ಎಲ್ಲರಿಗಿಂತ ಮೊದಲು ಬ್ಯಾಗು ತಂದು ಬಾಗಿಲಲ್ಲಿ ಇಟ್ಟರು.

ಶುಕ್ರವಾರ

ಶಿವಮೊಗ್ಗದಿಂದ ಹೊರಟಿದ್ದು ಬೆಳಿಗ್ಗೆ. ಮಂಡಗದ್ದೆ, ತೀರ್ಥಹಳ್ಳಿ, ಆಮೇಲೆ ಆಗುಂಬೆ. ಕಾರು ಅಕ್ಕನದು, ಸ್ಟಿಯರಿಂಗೂ ಅವಳದೇ. ಅಮ್ಮನಿಗೆ ಕಾರು ಅಷ್ಟಕ್ಕಷ್ಟೆ. ಬಸ್ಸಿನಲ್ಲಾದರೆ ಪಕ್ಕದ ಸೀಟಿನವರ ಮಗಳ ಮದುವೆ, ಹಿಂದಿನ ಸೀಟಿನವರ ಮೊಣಕಾಲು ನೋವು, ಎಲ್ಲ ಗೊತ್ತಾಗುತ್ತದೆ. ಕಾರಿನಲ್ಲಿ ಏನುಂಟು, ನಿಮ್ಮ ಮುಖವನ್ನೇ ನೋಡಬೇಕು ಎನ್ನುತ್ತಿದ್ದಳು.

ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಹತ್ತಿರ ನಿಲ್ಲಿಸಿದೆವು. ಸೂರ್ಯ ನೆತ್ತಿಯ ಮೇಲೆ. ಅಪ್ಪ ಶುರು ಮಾಡಿದರು. "ಇಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ." ಅಷ್ಟು ಹೇಳಿ ನಿಲ್ಲಿಸಿದರು. ಸುಮ್ನೆ ನಿಂತರು. ನನಗೂ ಅಕ್ಕನಿಗೂ ಅರ್ಥವಾಯಿತು. ಅದು ಅಮ್ಮ ಅಡ್ಡ ಬರುವ ಜಾಗ. "ಮಳೆ ಬಿದ್ದರೆ ಬೀಳಲಿ, ನಿಮ್ಮ ಸ್ವೆಟರ್ ಬ್ಯಾಗಲ್ಲುಂಟಾ?" ಎನ್ನಬೇಕಾದ ಜಾಗ. ಯಾರೂ ಏನೂ ಹೇಳಲಿಲ್ಲ. ಅಪ್ಪ ಮುಂದುವರಿಸಿದರು. ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ತಾಗಿ ಮೇಲೇರಿ ತಣ್ಣಗಾಗುವುದು, ಈ ಕಡೆ ಸುರಿದು ಆ ಕಡೆಗೆ ಉಳಿದಷ್ಟನ್ನು ಕೊಡುವುದು, ಎಲ್ಲ ಹೇಳಿ ಮುಗಿಸಿದರು. ಆಗುಂಬೆಯ ಪಾಠವನ್ನು ಕೊನೆಯವರೆಗೆ ನಾವು ಕೇಳಿದ್ದು ಅದೇ ಮೊದಲು. ಅದಕ್ಕೊಂದು ಕೊನೆ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಹದಿನಾಲ್ಕು ತಿರುವು ಇಳಿದು ಸೋಮೇಶ್ವರ ತಲುಪುವಾಗ ಅಕ್ಕ ಮೆಲ್ಲಗೆ ಹೇಳಿದಳು, "ನಾಳೆಯಿಂದ ನಾವೇ ಅಡ್ಡ ಬರೋಣ ಕಣೆ. ಇಲ್ಲದಿದ್ದರೆ ಇವರು ಮಂಗಳೂರು ಮುಟ್ಟೋದರೊಳಗೆ ಆಳುಪರಿಂದ ಬ್ರಿಟಿಷರವರೆಗೆ ಮುಗಿಸಿಬಿಡ್ತಾರೆ."

ಕಟಪಾಡಿಯ ಮನೆಯಲ್ಲಿ ಅತ್ತೆ ನೀರುದೋಸೆ, ಬಸಳೆ ಸಾರು ಮಾಡಿ ಕಾಯುತ್ತಿದ್ದರು. ಊಟವಾದ ಮೇಲೆ ಅತ್ತೆ ಜಗಲಿಯಲ್ಲಿ ಮೊರ ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟಲು ಕುಳಿತರು. ಈಗ ಹೊತ್ತು ಹೋಗಲಿಕ್ಕೆ ಅಷ್ಟೆ ಎಂದರು. ಅಮ್ಮನೂ ಮದುವೆಗೆ ಮೊದಲು ಇದೇ ಜಗಲಿಯಲ್ಲಿ ಬೀಡಿ ಕಟ್ಟಿದವಳು. ಕರಾವಳಿಯ ಎಷ್ಟೋ ಹೆಣ್ಣುಮಕ್ಕಳ ಸ್ಕೂಲ್ ಫೀಸು, ಕಿವಿಯ ಓಲೆ ಹುಟ್ಟಿದ್ದು ಈ ಮೊರದಿಂದಲೇ. ಅತ್ತೆಯ ಕೈ ನೋಡುತ್ತ ಕುಳಿತೆ. ನೆನೆಸಿದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿ ಆಡಿಸುವುದು. ಚಿಟಿಕೆ ಹೊಗೆಸೊಪ್ಪನ್ನು ಉದ್ದಕ್ಕೆ ಉದುರಿಸುವುದು. ಎರಡು ಹೆಬ್ಬೆರಳಿನಿಂದ ಒಂದು ಕಡೆ ಸಪೂರ, ಇನ್ನೊಂದು ಕಡೆ ಸ್ವಲ್ಪ ದಪ್ಪ ಬರುವಂತೆ ಸುರುಳಿ ಸುತ್ತುವುದು. ಬಾಯಿ ಮಡಚಿ ಒಳಗೆ ಒತ್ತುವುದು. ನೂಲು ಎರಡು ಸುತ್ತು, ಮುಗಿಯಿತು. ನಾನೂ ಒಂದು ಕಟ್ಟಿ ನೋಡಿದೆ. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ಬೀಡಿ ಬ್ರಾಂಚಿಗೆ ಕೊಂಡುಹೋದರೆ ನಮ್ಮ ಮರ್ಯಾದೆ ಹೋಗ್ತದೆ" ಎಂದರು.

ಅಮ್ಮ ಮದುವೆಯಾಗಿ ಘಟ್ಟ ಹತ್ತಿದ ಮೇಲೆ ಬೀಡಿ ಬಿಟ್ಟಳು, ಸುರುಳಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಮಡಚಿದ ಬಟ್ಟೆಯೇ ಇರಲಿಲ್ಲ. ಸೀರೆ, ಅಪ್ಪನ ಪ್ಯಾಂಟು, ನಮ್ಮ ಯೂನಿಫಾರ್ಮು, ಎಲ್ಲ ಬಿಗಿಯಾದ ಸುರುಳಿ. ಟಿಫಿನ್ ಡಬ್ಬಿಯ ಚಪಾತಿಯೂ ಅಷ್ಟೆ, ಬಾಯಿ ಮಡಚಿ ಒಳಗೆ ಒತ್ತಿರುತ್ತಿದ್ದಳು. ಹತ್ತರ ನೋಟುಗಳನ್ನೂ ಸುತ್ತಿ ಸಾಸಿವೆ ಡಬ್ಬಿಯಲ್ಲಿ ನಿಲ್ಲಿಸುತ್ತಿದ್ದಳು. ಅಂಗಡಿಯವರು ಅದನ್ನು ಬಿಡಿಸುವುದರಲ್ಲಿ ಸುಸ್ತಾಗುತ್ತಿದ್ದರು.

ಬೀಡಿಯ ದುಡ್ಡು ಹೋಗುತ್ತಿದ್ದದ್ದು ಪಿಗ್ಮಿಗೆ. ಅಪ್ಪನಿಗೆ ಈ ವಿಷಯ ಸಿಕ್ಕರೆ ಹಬ್ಬ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ತಂದ ಪಿಗ್ಮಿ ಯೋಜನೆ, ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದದ್ದು. ಅಮ್ಮನ ಕಾಲಕ್ಕೆ ಎರಡಾಣೆ ಹೋಗಿ ರೂಪಾಯಿ ಲೆಕ್ಕ ಬಂದಿತ್ತು. ಆ ಪಿಗ್ಮಿಯಲ್ಲೇ ಅವಳು ಮದುವೆಗೆ ಮೊದಲೇ ಒಂದು ಕೈಗಡಿಯಾರ ಕೊಂಡಿದ್ದಳು. ಅಪ್ಪನಿಗೆ ಆಗ ಗಡಿಯಾರ ಇರಲಿಲ್ಲ. ಇದನ್ನು ಅವಳು ನೆಂಟರೆಲ್ಲ ಸೇರಿದಾಗ ಮರೆಯದೆ ಹೇಳುತ್ತಿದ್ದಳು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋದಾಗ ಅಪ್ಪ ಪೇಪರ್ ಓದಿ ಕಾರಣಗಳನ್ನು ವಿವರಿಸಲು ಹೊರಟರು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು ಎಂಬಲ್ಲಿಗೆ ಅಮ್ಮ ತಡೆದಳು. "ಗೊತ್ತಾಯ್ತು ಬಿಡಿ. ಉಡುಪಿಯ ಹುಡುಗಿಯನ್ನು ಮಂಗಳೂರಿಗೆ ಕೊಟ್ಟ ಹಾಗೆ. ಹೆಸರು ಗಂಡನ ಮನೆಯದ್ದು, ಚಿನ್ನ ಇವಳದ್ದು."

ಶನಿವಾರ

ಉಡುಪಿ. ಅಮ್ಮನ ಉಡುಪಿ ಬಹಳ ಚಿಕ್ಕದು. ರಥಬೀದಿ, ಮಠ, ಬಳೆ ಅಂಗಡಿ, ಮೀನು ಮಾರ್ಕೆಟ್ಟು, ಬಸ್‌ಸ್ಟ್ಯಾಂಡು. ಅದರಾಚೆಯ ಉಡುಪಿ ಟೂರಿಸ್ಟುಗಳಿಗೆ ಎಂದು ಬಿಟ್ಟುಕೊಟ್ಟಿದ್ದಳು.

ಕ್ರಮ ತಪ್ಪಬಾರದು ಎಂಬುದು ಅವಳ ಕಟ್ಟುನಿಟ್ಟು. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಆಮೇಲೆ ಕೃಷ್ಣ. ಹಾಗೇ ಹೋದೆವು. ಅಪ್ಪ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಕನಕನ ಕಿಂಡಿಯ ಮುಂದೆ ನಿಂತು ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿರುವುದನ್ನು ಹೇಳಿದರು. ಒಳಗೆ ಹೋಗಿ ಸಾಲಿನಲ್ಲಿ ನಿಂತು ನವಗ್ರಹ ಕಿಂಡಿಯಿಂದ ನೋಡಿದ್ದು ಕ್ಷಣ ಮಾತ್ರ. ಬೆಳ್ಳಿ ಹೊದಿಸಿದ ಆ ಕಿಂಡಿಗೆ ಒಂಬತ್ತು ತೂತು. ನಮ್ಮ ಮುಂದಿದ್ದವರು ಒಂದೊಂದರಲ್ಲೂ ಕಣ್ಣಿಟ್ಟು ನೋಡುತ್ತಿದ್ದರು. ಅಮ್ಮ ಹಿಂದೊಮ್ಮೆ ಇಂಥವರಿಗೇ, "ಒಂಬತ್ತರಲ್ಲೂ ಒಬ್ಬನೇ ಕೃಷ್ಣ ಇರುವುದು, ಮುಂದೆ ಹೋಗಿ" ಅಂದಿದ್ದಳು. ಜೋರಾಗಿಯೇ.

ಮಧ್ವಸರೋವರದ ಕಡೆಗೆ ಬಂದು ಕುಳಿತೆವು. ಅಪ್ಪನ ಪಾಠ ಪರ್ಯಾಯಕ್ಕೆ ಬಂತು. ಎಂಟು ಮಠಗಳು ಸರದಿಯಲ್ಲಿ ಎರಡೆರಡು ವರ್ಷ ಪೂಜೆ ನಡೆಸುತ್ತವೆ. ಮೊದಲು ಅದು ಎರಡೆರಡು ತಿಂಗಳಿತ್ತು, ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಇಲ್ಲಿ ಅಕ್ಕ ಅಡ್ಡ ಬಂದಳು, ಅಮ್ಮನ ಧ್ವನಿಯಲ್ಲೇ. "ಒಳ್ಳೇದೇ ಮಾಡಿದರು. ಎರಡು ತಿಂಗಳಿಗೊಮ್ಮೆ ಅಡಿಗೆಮನೆ ಬಿಟ್ಟುಕೊಟ್ಟರೆ, ಇಂಗಿನ ಡಬ್ಬಿ ಎಲ್ಲಿಟ್ಟಿದ್ದಾರೆ ಅಂತ ಹುಡುಕುವುದರಲ್ಲೇ ಮುಗೀತದೆ." ಅಪ್ಪ ನಕ್ಕರು. ಆ ಪ್ರವಾಸದಲ್ಲಿ ಹಲ್ಲು ಕಾಣುವಂತೆ ನಕ್ಕಿದ್ದು ಆಗಲೇ.

ಅಡಿಗೆಮನೆಯ ಮಾತು ಸುಳ್ಳಲ್ಲ. ಪರ್ಯಾಯದಲ್ಲಿ ಹಳೆಯ ಸ್ವಾಮಿಗಳು ಹೊಸಬರಿಗೆ ಅಧಿಕಾರ ಕೊಡುವಾಗ ಕೈಗೆ ಕೊಡುವುದು ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈ. ಪರ್ಯಾಯಕ್ಕೆ ಮೊದಲು ನಡೆಯುವ ಮುಹೂರ್ತಗಳೂ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಅಂತಲೇ. ಕಟ್ಟಿಗೆಯನ್ನು ರಥದ ಆಕಾರಕ್ಕೆ ಒಟ್ಟುತ್ತಾರೆ. ಅನ್ನ ಹಾಕುವವರಿಗೆ ಯಾವುದು ಮುಖ್ಯ ಎಂದು ಆ ಮಠದವರಿಗೆ ಗೊತ್ತು, ಅಮ್ಮನಿಗೂ ಗೊತ್ತಿತ್ತು. ಸಟ್ಟುಗ ಕೊಟ್ಟರೆ ರಾಜ್ಯ ಕೊಟ್ಟಂತೆ ಎಂಬುದು ಅವಳ ಲೆಕ್ಕ. ಅದಕ್ಕೇ ನಮ್ಮ ಮನೆಯ ಸಟ್ಟುಗವನ್ನು ಯಾರ ಕೈಗೂ ಕೊಡಲಿಲ್ಲ. ಅಕ್ಕನ ಬಾಣಂತನಕ್ಕೆಂದು ಹೋದಾಗಲೂ ಜೊತೆಗೇ ತೆಗೆದುಕೊಂಡು ಹೋಗಿದ್ದಳು. ಅಪ್ಪ ಹದಿನೈದು ದಿನ ಚಮಚದಲ್ಲಿ ಸಾರು ತಿರುವಿದರು. ಈಗ ಅಡಿಗೆ ಅಪ್ಪನದೇ. ಅಧಿಕಾರ ಹಸ್ತಾಂತರ ಯಾವ ಮುಹೂರ್ತದಲ್ಲಿ ಆಯಿತೋ ನಾವು ಯಾರೂ ನೋಡಿಲ್ಲ.

ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ, ಚಾ. ನನಗೆ ಉಡುಪಿಯ ಮಸಾಲೆದೋಸೆಗಿಂತ ಗೋಳಿಬಜೆಯೇ ದೊಡ್ಡದು, ಯಾರು ಏನೇ ಹೇಳಲಿ. ಮಣಿಪಾಲ ನೋಡುವ ಯೋಚನೆ ಇತ್ತು, ಬಿಸಿಲಿಗೆ ಬಿಟ್ಟೆವು.

ಭಾನುವಾರ

ಮಲ್ಪೆ. ಇಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕೆಂಬುದು ಅಪ್ಪನ ಬಹುಕಾಲದ ಆಸೆ. ಅಮ್ಮ ಪ್ರತಿ ಸಲ ತಳ್ಳಿಹಾಕಿದ್ದಳು. "ಕಲ್ಲು ನೋಡಲಿಕ್ಕೆ ದುಡ್ಡು ಕೊಟ್ಟು ಸಮುದ್ರಕ್ಕೆ ಹೋಗುವುದಾ? ನಮ್ಮ ಬಾವಿಕಟ್ಟೆಯಲ್ಲೂ ಕಲ್ಲುಂಟು." ಸಮುದ್ರದ ಹತ್ತಿರ ಹುಟ್ಟಿ ಬೆಳೆದವಳು ಸಮುದ್ರಕ್ಕೆ ಕಾಲಿಟ್ಟಿದ್ದನ್ನು ನಾನು ನೋಡಿಲ್ಲ. ಘಟ್ಟದ ಮೇಲಿನವರು ಅಲೆ ಕಂಡು ಓಡುವುದನ್ನು ನೋಡಿ, ಮರಳಲ್ಲಿ ಚಪ್ಪಲಿ ಕಾಯುತ್ತ ಕುಳಿತಿರುತ್ತಿದ್ದಳು.

ದೋಣಿ ಹತ್ತಿದೆವು. ಲೈಫ್ ಜಾಕೆಟ್ ಹಾಕಿದ ಅಪ್ಪ ಎದೆ ಉಬ್ಬಿಸಿ ಕುಳಿತಿದ್ದರು. ಇಳಿದಾಗ ನಿಜಕ್ಕೂ ಬೆರಗಾಯಿತು. ಯಾರೋ ಕಡೆದು ಜೋಡಿಸಿ ಇಟ್ಟಂಥ ಕಂಬಗಳು, ಹೆಚ್ಚಿನವು ಐದಾರು ಮುಖದವು, ನೀರಿನೊಳಗಿಂದ ಎದ್ದು ನಿಂತಿವೆ. ಅಪ್ಪನ ಸಂಭ್ರಮ ಹೇಳತೀರದು. ಬಿಸಿ ಲಾವಾ ತಣ್ಣಗಾಗುತ್ತ ಕುಗ್ಗಿ ಹೀಗೆ ಬಿರುಕು ಬಿಟ್ಟಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದಿನ ಮಾತು. ಮಡಗಾಸ್ಕರ್ ಆಗ ನಮಗೆ ಅಂಟಿಕೊಂಡಿತ್ತು, ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಇದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಎಂಬ ಕಥೆಯೂ ಇದೆ.

ಈಗ ನನ್ನ ಸರದಿ. "ಇಷ್ಟು ವರ್ಷ ಎಣಿಸಿದವರು ಯಾರು?" ಎಂದೆ. ಚೆನ್ನಾಗಿತ್ತು, ಆದರೆ ಅಕ್ಕನಿಗೆ ಸಮಾಧಾನವಾಗಲಿಲ್ಲ. ಅಮ್ಮ ಹಾಗೆ ಕೇಳುತ್ತಿರಲಿಲ್ಲ, ಮಡಗಾಸ್ಕರ್ ಹೋದ ವಿಷಯ ಹಿಡಿಯುತ್ತಿದ್ದಳು ಎಂದಳು. ಬಂಡೆಯ ಮೇಲೆ ಕುಳಿತು ನಾವಿಬ್ಬರೂ ಜಗಳಕ್ಕೆ ಬಿದ್ದೆವು. ಅಷ್ಟರಲ್ಲಿ ಅಪ್ಪ ಸಮುದ್ರ ನೋಡುತ್ತಲೇ, ಕರಾವಳಿಯ ಎಳೆತ ಒಂಚೂರೂ ತಪ್ಪದೆ ಹೇಳಿದರು: "ಹೋಗುವವರು ಹೋಗಲಿ. ಪಾಲು ಸರಿಯಾಗಿ ಮಾಡಿಕೊಂಡಿದ್ದಾರಾ ಇಲ್ಲವಾ?"

ನಾವು ಸೋತೆವು. ಅಷ್ಟು ವರ್ಷ ಅಡ್ಡಮಾತು ಕೇಳಿಸಿಕೊಂಡವರು ಅವರಲ್ಲವಾ, ಕಂಠಪಾಠವಾಗಿತ್ತು.

ಬರುವಾಗ ಮಲ್ಪೆಯಲ್ಲೇ ಬಂಗುಡೆ ತೆಗೆದುಕೊಂಡೆವು. ಅಮ್ಮನಿಗೆ ಮೀನು ಆರಿಸುವುದು ಪೂಜೆಯಷ್ಟೇ ಗಂಭೀರ. ಮೊದಲು ಕಣ್ಣು, ಮಿನುಗಬೇಕು, ಒಳಗೆ ಹೋಗಿರಬಾರದು. ಆಮೇಲೆ ಹೆಬ್ಬೆರಳಲ್ಲಿ ಬೆನ್ನು ಒತ್ತುವುದು, ಗುಳಿ ಬಿದ್ದರೆ ಬೇಡ. ಕೊನೆಗೆ ಕಿವಿರು ಎತ್ತಿ ಕೆಂಪು ನೋಡುವುದು. ಶಿವಮೊಗ್ಗದಲ್ಲಿ ಐಸಿನ ಪೆಟ್ಟಿಗೆಯಿಂದ ಬಂದ ಮೀನನ್ನು ಹೀಗೆ ಪರೀಕ್ಷಿಸಿ, "ಇದು ನನಗಿಂತ ಮೊದಲು ಘಟ್ಟ ಹತ್ತಿದ್ದು" ಎಂದು ವಾಪಸ್ ಇಡುತ್ತಿದ್ದಳು. ಅಕ್ಕ ಅದೇ ಮೂರೂ ಪರೀಕ್ಷೆ ಮಾಡಲು ಹೊರಟಳು. ಮೀನಿನ ಬುಟ್ಟಿಯ ಹಿಂದೆ ಕುಳಿತಿದ್ದ ಹೆಂಗಸು ಸುಮ್ಮನೆ ನೋಡಿ, "ಎಂಥ ಅಕ್ಕ, ಹುಡುಗಿ ನೋಡಲಿಕ್ಕೆ ಬಂದದ್ದಾ?" ಎಂದಳು. ಚೌಕಾಸಿ ಅಲ್ಲಿಗೆ ಕೈಬಿಟ್ಟುಹೋಯಿತು. ಅಮ್ಮನಾದರೆ ಇದಕ್ಕೂ ಉತ್ತರ ಕೊಟ್ಟು ಎರಡು ಮೀನು ಜಾಸ್ತಿ ಹಾಕಿಸಿಕೊಳ್ಳುತ್ತಿದ್ದಳು.

ರಾತ್ರಿ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ಅದರ ಬಗ್ಗೆ ಹೇಳುವುದೇನಿಲ್ಲ, ಎಲ್ಲರೂ ಜಾಸ್ತಿ ತಿಂದೆವು.

ಸೋಮವಾರ

ಮಂಗಳೂರಿಗೆ ಹೆದ್ದಾರಿಯಲ್ಲಿ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್. ಪಕ್ಕದಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳು ಹಾರ್ನ್ ಹೊಡೆಯುತ್ತ ಮುಂದೆ ಹೋಗುತ್ತಿದ್ದವು. ಅಮ್ಮ ನಾನ್‌ಸ್ಟಾಪ್ ಬಸ್ಸು ಹತ್ತಿ ಅದನ್ನು ಕಟಪಾಡಿಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದವಳು. ಕಂಡಕ್ಟರ್ ಆಗುವುದಿಲ್ಲ ಎಂದರೆ ಅವನ ಊರು, ಮನೆ, ತಾಯಿ ಯಾರು ಎಂದು ವಿಚಾರಿಸಲು ತೊಡಗುತ್ತಿದ್ದಳು. ಪಡುಬಿದ್ರಿ ದಾಟುವಷ್ಟರಲ್ಲಿ ಅವನು ಸೋಲುತ್ತಿದ್ದ.

ಕದ್ರಿ ಮಂಜುನಾಥನಲ್ಲಿ ಸೋಮವಾರದ ಜನ. ಅಲ್ಲಿಯ ಕಂಚಿನ ಲೋಕೇಶ್ವರ ಅಪ್ಪನಿಗೆ ಪ್ರಾಣ. ಮೂರು ಮುಖ, ಆರು ಕೈ, ಪೀಠದ ಮೇಲೆ ಬರಹ, ಕ್ರಿ.ಶ. 968ರ ಕಾಲ. ಆಳುಪ ದೊರೆ ಕುಂದವರ್ಮ ಮಾಡಿಸಿದ್ದು. ಮದುವೆಯಾದ ಹೊಸತರಲ್ಲಿ ಇಲ್ಲೇ ಅಮ್ಮ ಮೊದಲ ಬಾರಿ ಅಪ್ಪನ ಪಾಠ ನಿಲ್ಲಿಸಿದ್ದಂತೆ. ಕುಂದವರ್ಮನ ಹೆಸರು ಬಾಯಲ್ಲಿರುವಾಗಲೇ, "ಚಪ್ಪಲಿ ಎಲ್ಲಿ ಬಿಟ್ಟದ್ದು ನೆನಪುಂಟಾ?" ಎಂದಳಂತೆ. ಅಪ್ಪನಿಗೆ ನೆನಪಿರಲಿಲ್ಲ. ಚಪ್ಪಲಿ ಸಿಗಲೂ ಇಲ್ಲ. ಹೊಸ ಅಳಿಯ ಬರಿಗಾಲಲ್ಲಿ ಮಾವನ ಮನೆಗೆ ಬಂದಿದ್ದನ್ನು ಕಟಪಾಡಿಯವರು ಇನ್ನೂ ಮರೆತಿಲ್ಲ. ಈ ಸಲ ಅಪ್ಪ ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟು, ಬಿಸಿ ಡಾಂಬರಿನ ಮೇಲೆ ಕುಣಿಯುತ್ತ ಬಂದರು.

ಅಲ್ಲಿಂದ ಸಂತ ಅಲೋಶಿಯಸ್ ಚಾಪೆಲ್. ಗೋಡೆ, ಛಾವಣಿ ತುಂಬ ಚಿತ್ರ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ 1899ರಲ್ಲಿ ಕೈ ಹಚ್ಚಿ, ಎರಡು ವರ್ಷದ ಹತ್ತಿರ ಹತ್ತಿರ ಬಿಡಿಸಿದ್ದು. ಅಮ್ಮ ಇಲ್ಲಿಗೆ ಬಂದಾಗ ಮಾತ್ರ ಅಡ್ಡ ಬರಲಿಲ್ಲವಂತೆ. ಕತ್ತು ನೋಯುವವರೆಗೆ ಮೇಲೆ ನೋಡಿ, ಪೂರ್ತಿ ಕೇಳಿ, ಒಂದೇ ಒಂದು ಪ್ರಶ್ನೆ ಕೇಳಿದ್ದಳು. "ಅವನಿಗೆ ಊಟ ಯಾರು ಕೊಡ್ತಿದ್ದರು? ನಮ್ಮ ಅನ್ನ, ಮೀನು ಸೇರ್ತಿತ್ತಾ?" ಅಪ್ಪ ಗೊತ್ತಿಲ್ಲ ಎಂದಿದ್ದರು. ಇಸವಿ ಗೊತ್ತುಂಟು, ಊಟ ಗೊತ್ತಿಲ್ಲ, ಇದೆಂಥ ಚರಿತ್ರೆ ಎಂದಳಂತೆ. ನನಗೆ ಕೇಳಿದರೆ, ಅಪ್ಪನ ಸರ್ವಿಸಿನಲ್ಲಿ ಯಾವ ಇನ್‌ಸ್ಪೆಕ್ಟರೂ ಕೇಳದ ಪ್ರಶ್ನೆ ಅದು.

ಅಲ್ಲಿ ಬಾಗಿಲ ಬಳಿ ನಿಂತಿದ್ದ ಹುಡುಗನ ಹತ್ತಿರ ಅಪ್ಪ ಹೋದರು. ಚಿತ್ರದ ಬಣ್ಣ, ಗೋಡೆಯ ಗಾರೆ ಬಗ್ಗೆ ಕೇಳುತ್ತಾರೆ ಎಂದುಕೊಂಡೆವು. "ಈ ಮೊಸ್ಕೇನಿಯವರು ಇಲ್ಲಿದ್ದಾಗ ಏನು ಊಟ ಮಾಡ್ತಿದ್ದರು ಅಂತ ಗೊತ್ತಾ?" ಎಂದರು. ಹುಡುಗ ಗಾಬರಿಯಾಗಿ, "ಇಲ್ಲ ಸರ್, ಅದು ಯಾರೂ ಕೇಳಿಲ್ಲ" ಎಂದ.

ಹಂಪನಕಟ್ಟೆಗೆ ಬಂದು ಐಡಿಯಲ್‌ನಲ್ಲಿ ಗಡ್‌ಬಡ್. ಎತ್ತರದ ಗ್ಲಾಸಿನಲ್ಲಿ ಐಸ್‌ಕ್ರೀಮು, ಹಣ್ಣು, ಜೆಲ್ಲಿ, ಗೋಡಂಬಿ ಪದರ ಪದರ. ಅಮ್ಮ ಒಂದೇ ಹೇಳಿ ಚಮಚ ಮಾತ್ರ ಎಲ್ಲರಿಗೂ ತರಿಸುತ್ತಿದ್ದಳು, ಶೀತವಾಗುತ್ತದೆ ಎಂದು ನಮ್ಮನ್ನು ಹೆದರಿಸಿ ತಳದ ಪಾಲು ತಾನೇ ತಿನ್ನುತ್ತಿದ್ದಳು. ನಾವು ಈ ಸಲ ತಲೆಗೊಂದು ತರಿಸಿದೆವು. ತಳದಲ್ಲಿ ಅಂಥ ವಿಶೇಷವೇನೂ ಇರಲಿಲ್ಲ.

ಮಂಗಳವಾರ

ಹೊರಡುವ ದಿನ. ಅತ್ತೆ ಕುಚ್ಚಲಕ್ಕಿ, ಮಟ್ಟುಗುಳ್ಳ, ಹಪ್ಪಳ ಎಂದು ಡಿಕ್ಕಿ ತುಂಬಿಸಿದರು. ಶಂಕರಪುರದ ಕಡೆ ಹೋಗಿ ಮಲ್ಲಿಗೆ ತೆಗೆದುಕೊಂಡೆವು, ಮನೆಯಲ್ಲಿರುವ ಫೋಟೋಗೆ. ಈ ಮಲ್ಲಿಗೆಯ ಲೆಕ್ಕವೇ ಬೇರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿರುತ್ತಾರೆ. ದಿನದಿನದ ದರ ಇಲ್ಲೇ ನಿಗದಿಯಾಗುತ್ತದೆ, ಆ ದಿನಕ್ಕೆ ಅದೇ ದರ. ಚಳಿಗಾಲದಲ್ಲಿ ಹೂ ಕಡಿಮೆ, ದರ ಜಾಸ್ತಿ. ಇದು ಗೊತ್ತಿದ್ದೂ ಅಮ್ಮ ಚೌಕಾಸಿ ಮಾಡುತ್ತಿದ್ದಳು. ಜೊತೆಗೆ ಚೆಂಡಿನಲ್ಲಿ 800 ಇರುವುದಿಲ್ಲ ಎಂಬುದು ಅವಳ ಗಟ್ಟಿ ಅನುಮಾನ. ಒಂದು ದಿನ ಎಣಿಸಿಯೇ ಬಿಡ್ತೇನೆ ಎನ್ನುತ್ತಿದ್ದಳು. ಮನೆಗೆ ಬಂದ ಮೇಲೆ ಅರ್ಧ ಮುಡಿಯುತ್ತಿದ್ದಳು, ಅರ್ಧ ದೇವರಿಗೆ, ಎಣಿಕೆ ಮುಂದಿನ ಸಲಕ್ಕೆ.

ದುಡ್ಡು ಕೊಡುವಾಗ ಅಪ್ಪ ಕೆಮ್ಮಿದರು. ಜೀವನದಲ್ಲಿ ಯಾರ ಹತ್ತಿರವೂ ಚೌಕಾಸಿ ಮಾಡದ ಮನುಷ್ಯ. "ದರ ಇರಲಿ, ಸ್ವಲ್ಪ ನೋಡಿ ಕೊಡಿಯಮ್ಮ" ಎಂದರು. ಹೂವಿನವರು ದರ ಇಳಿಸಲಿಲ್ಲ. ಬದಿಯಲ್ಲಿದ್ದ ಬಿಡಿ ಮೊಗ್ಗು ಒಂದು ಹಿಡಿ ಎಲೆಗೆ ಹಾಕಿ ಕೊಟ್ಟರು. ಅಪ್ಪ ಅದನ್ನು ಪಾರಿತೋಷಕದ ಥರ ಹಿಡಿದು ಕಾರು ಹತ್ತಿದರು.

ಹಿರಿಯಡ್ಕ ದಾಟುವಾಗ ನೋಡಿದರೆ ಅಪ್ಪ ಒಂದು ಚೆಂಡು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು ಬೆರಳಾಡಿಸುತ್ತಿದ್ದಾರೆ. ತುಟಿ ಅಲುಗುತ್ತಿದೆ. ಹೆಬ್ರಿಗೆ ನೂರ ತೊಂಬತ್ತು. ಸೋಮೇಶ್ವರದ ಹತ್ತಿರ ಮುನ್ನೂರು ದಾಟಿತು. ಘಾಟಿಯ ಮೊದಲ ತಿರುವಿನಲ್ಲಿ ಅಕ್ಕ ಹೇಳಿದಳು, "ಅಪ್ಪ, ತಲೆ ಬಗ್ಗಿಸಿ ಎಣಿಸಬೇಡಿ, ವಾಂತಿ ಬರುತ್ತೆ."

ಅಪ್ಪ ಹೂವಿನ ಎಳೆಯನ್ನು ಎಣಿಸಿದ ಜಾಗದಲ್ಲಿ ಎರಡು ಬೆರಳಿನಿಂದ ಬಿಗಿಯಾಗಿ ಹಿಡಿದು, ಹಿಂದೆ ತಿರುಗಿ ನನ್ನ ಕಡೆ ಚಾಚಿದರು.

"ಮುನ್ನೂರ ನಲವತ್ತೊಂದು. ಮುಂದಿನದು ನೀನು ಎಣಿಸು. ಮಧ್ಯೆ ಮಾತಾಡಬೇಡ."